ಒಬ್ಬರ ಕೋಳಿ, ಇನ್ನೊಬ್ಬರ ಕೊಪ್ಪರಿಗೆ

ಹಿಮ್ಮೇಳದಲ್ಲಿ ಹಾಡುವವರನ್ನು ಯಾರೂ ನೋಡುವುದಿಲ್ಲ. ಆದರೆ ಹಿಮ್ಮೇಳದವರಿಗೆ ಎಲ್ಲರೂ ಕಾಣುತ್ತಾರೆ. ನಗು ಬರುವಂಥದ್ದು ಏನಾದರೊಂದು ನಮ್ಮ ಕಣ್ಣೆದುರಿಗೆ ನಡೆಯುತ್ತಲೇ ಇರುತ್ತದೆ, ಅದೂ ಟೇಪು ಓಡುತ್ತಿರುವಾಗಲೇ, ಬಾಯಿ ಬಿಟ್ಟು ನಗುವ ಹಾಗೂ ಇಲ್ಲ.

ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಮದುವೆ ಮನೆಯಿಂದ ಹಿಡಿದು ಟ್ರಾಕ್ಟರಿನವರೆಗೆ ಎಲ್ಲ ಕಡೆ ಕ್ಯಾಸೆಟ್ಟಿನ ಹಾಡೇ. ನಾನು ನಾಗಮಂಗಲದ ಅಕ್ಕಸಾಲಿಗರ ಮನೆಯ ಹೆಣ್ಣುಮಗಳು. ಗಂಟಲು ಸ್ವಲ್ಪ ದೊಡ್ಡದು. ಆ ಗಂಟಲಿನ ದೆಸೆಯಿಂದ ಕ್ಯಾಸೆಟ್ ತೆಗೆಯುವ ಇಬ್ಬರು ಯಜಮಾನರ ಹತ್ತಿರ ಹಾಡಿದೆ. ಒಬ್ಬರು ಪಾಂಡವಪುರದವರು, ವಯಸ್ಸಾದವರು. ಇನ್ನೊಬ್ಬರು ಕೆ.ಆರ್. ಪೇಟೆಯವರು, ಮೊದಲು ಹಿರಿಯರ ಕೈಕೆಳಗೇ ಕೆಲಸ ಕಲಿತು, ಆಮೇಲೆ ಸ್ವಂತ ಸ್ಟುಡಿಯೋ ಹಾಕಿದವರು. ನಾವೆಲ್ಲ ಅವರನ್ನು ದೊಡ್ಡ ಯಜಮಾನರು, ಚಿಕ್ಕ ಯಜಮಾನರು ಎಂದೇ ಕರೆಯುತ್ತಿದ್ದೆವು. ಇಬ್ಬರದೂ ಹುಚ್ಚೇ. ಆದರೆ ಒಬ್ಬರ ಹುಚ್ಚಿಗೂ ಇನ್ನೊಬ್ಬರ ಹುಚ್ಚಿಗೂ ಎಲ್ಲಿಂದೆಲ್ಲಿಗೆ! ಇವತ್ತಿಗೂ ನೆನೆದರೆ ಮೊದಲು ನಗು ಬರುತ್ತದೆ, ಆಮೇಲೆ ಮೈ ಜುಮ್ ಎನ್ನುತ್ತದೆ.

ಹೊರಗಡೆ ಹಾಡಿದವಳು

ದೊಡ್ಡ ಯಜಮಾನರ ಸ್ಟುಡಿಯೋ ಎಂದರೆ ಅವರದೇ ಗದ್ದೆಯ ಆಲೆಮನೆ. ಕಬ್ಬು ಅರೆಯುವ ಕಾಲ ಮುಗಿದ ಮೇಲೆ ಗೋಡೆಗೆಲ್ಲ ಗೋಣಿಚೀಲ ಹೊಡೆದು, ನಡುವೆ ಒಂದು ಮೈಕು ನಿಲ್ಲಿಸುತ್ತಿದ್ದರು. ಹಾಡುವವರು ಹತ್ತು ಜನ ಇದ್ದರೂ ಮೈಕು ಒಂದೇ. ಯಾರ ದನಿ ಜಾಸ್ತಿ, ಯಾರ ದನಿ ಕಮ್ಮಿ ಎಂದು ತಿರುಗಿಸುವ ಗುಂಡಿ ಅವರ ಯಂತ್ರದಲ್ಲಿ ಇರಲಿಲ್ಲ. ಅವರು ಗುಂಡಿ ತಿರುಗಿಸುವ ಬದಲು ಮನುಷ್ಯರನ್ನೇ ಸರಿಸುತ್ತಿದ್ದರು.

ನನ್ನ ಮೊದಲ ದಿನ. ನಾನು ಬಾಯಿ ತೆಗೆದೆ. ಅವರು ಕಣ್ಣು ಮುಚ್ಚಿಕೊಂಡೇ, "ಇಂದಕ್ಕೋಗವ್ವ" ಎಂದರು. ಹಿಂದೆ ಹೋದೆ. "ಇನ್ನಾ ಇಂದಕ್ಕೆ." ಗೋಡೆಗೆ ಬೆನ್ನು ತಾಗಿತು. "ಬಾಗ್ಲಿಂದ ಆಚೆ ನಿಂತ್ಕೊ ಮಗ." ಆಚೆ ನಿಂತೆ. ಕಡೆಗೆ ಕಬ್ಬಿನ ಗಾಡಿ ನಿಲ್ಲಿಸುವ ಜಾಗದಲ್ಲಿ, ಎತ್ತುಗಳ ಪಕ್ಕದಲ್ಲಿ ನಿಂತಾಗ ಒಳಗಿನಿಂದ, "ಆ, ಅಲ್ಲೇ! ಅಲುಗ್ಬ್ಯಾಡ!" ಎಂದು ಕೇಳಿಸಿತು.

ಅಲುಗದೆ ಹಾಡಿದೆ. ಹಾಡು ಮುಗಿದದ್ದು ಒಳಗಿದ್ದವರಿಗೆ ಗೊತ್ತಾಯಿತು, ನನಗೆ ಯಾರೂ ಹೇಳಲಿಲ್ಲ. ನಾನು ಪಲ್ಲವಿ ಹಿಡಿದುಕೊಂಡು ಸುತ್ತುತ್ತಲೇ ಇದ್ದೆ. ಗಾಡಿಯವನೊಬ್ಬ ಎತ್ತಿಗೆ ಹುಲ್ಲು ಹಾಕಲು ಬಂದು ನನ್ನನ್ನು ಕನಿಕರದಿಂದ ನೋಡಿದ.

"ಯಾಕವ್ವ ಒಬ್ಳೇ ಕೂಗ್ತಾ ಇದ್ದೀ? ಅವ್ರೆಲ್ಲ ಉಂಡು ಕೈ ತೊಳೀತಾವ್ರೆ."

ಕ್ಯಾಸೆಟ್ ಬಂದ ಮೇಲೆ ಕೇಳಿದರೆ ನನ್ನ ದನಿ ಮಿಕ್ಕವರ ದನಿಯೊಳಗೆ ಎಷ್ಟು ಹದವಾಗಿ ಕೂತಿತ್ತು ಎಂದರೆ, ಹಾಲಿಗೆ ಬೆಲ್ಲ ಹಾಕಿದ ಹಾಗೆ. ಎತ್ತಿನ ಪಕ್ಕ ನಿಲ್ಲಿಸಿದರೆಂದು ಆವತ್ತು ದಾರಿಯುದ್ದಕ್ಕೂ ಬೈದುಕೊಂಡು ಬಂದಿದ್ದೆನಲ್ಲ, ಆ ಬೈಗುಳವನ್ನೆಲ್ಲ ವಾಪಸು ತೆಗೆದುಕೊಂಡೆ. ಎತ್ತು ಒಂದು ಸಲ ಉಸಿರು ಬಿಟ್ಟದ್ದೂ ಹಾಡಿನಲ್ಲಿದೆ. ನಮ್ಮಪ್ಪ ಅದನ್ನು ಕೇಳಿ, "ಈ ಜಾಗದಲ್ಲಿ ನೀನು ಬೋ ಕಷ್ಟಪಟ್ಟು ಆಡಿದ್ದೀಯ ಮಗ" ಎಂದರು.

ಮತ್ತು ಸಂಗಡಿಗರು

ಚಿಕ್ಕ ಯಜಮಾನರದು ತದ್ವಿರುದ್ಧ. ಕೆ.ಆರ್. ಪೇಟೆಯಲ್ಲಿ ಮಹಡಿಯ ಮೇಲೆ ಎ.ಸಿ. ಹಾಕಿದ ರೂಮು, ಕಿವಿಗೆ ಹೆಡ್‌ಫೋನು, ತಬಲ ಒಂದು ದಿನ, ಕೊಳಲು ಇನ್ನೊಂದು ದಿನ, ಹಾಡುವವರು ಮತ್ತೊಂದು ದಿನ. ಒಬ್ಬರ ಮುಖ ಒಬ್ಬರು ನೋಡುವ ಹಾಗೇ ಇಲ್ಲ. ಹಾಡಿನ ನಡುವೆ ಉಸಿರೆಳೆದುಕೊಂಡ ಸದ್ದು ಬಂದರೂ ಕತ್ತರಿಸಿ ತೆಗೆಯುತ್ತಿದ್ದರು. ಎತ್ತಿನ ಉಸಿರಿಗೂ ಜಾಗ ಕೊಟ್ಟವರ ಶಿಷ್ಯ ಮನುಷ್ಯರ ಉಸಿರನ್ನೂ ಬಿಡುತ್ತಿರಲಿಲ್ಲ.

ಅಲ್ಲಿ ನನ್ನ ಮೊದಲ ದಿನ, ಹಿಮ್ಮೇಳದವರು ಇನ್ನೂ ಯಾರೂ ಬಂದಿಲ್ಲವಲ್ಲ ಎಂದು ಕಾಯುತ್ತಾ ಕೂತಿದ್ದೆ. "ಯಾರ್ನ ಕಾಯ್ತಿದ್ದೀಯಕ್ಕ? ನೀನೇ ಇಮ್ಮೇಳ" ಎಂದರು. ಒಂದು ಸಲ ಹಾಡಿಸಿದರು. ಅದನ್ನೇ ನನ್ನ ಕಿವಿಗೆ ಕೇಳಿಸಿ, ಅದರ ಮೇಲೆ ಇನ್ನೊಂದು ಸಲ, ಅದರ ಮೇಲೆ ಮತ್ತೊಂದು ಸಲ. "ಈಗ ಸ್ವಲ್ಪ ವಯಸ್ಸಾದೋರ ತರ ಆಡು. ಈಗ ಮೂಗ್ನಲ್ಲಿ ಆಡು." ಕೊನೆಗೆ ಎಲ್ಲವನ್ನೂ ಕೂಡಿಸಿ ಕೇಳಿಸಿದರು. ಒಂದು ಬೀದಿಯ ಹೆಂಗಸರೆಲ್ಲ ಸೇರಿ ಹಾಡುತ್ತಿದ್ದಾರೆ! ಅಷ್ಟೂ ನಾನೇ! ನನಗೆ ಗಾಬರಿಯೂ ಆಯಿತು, ಹೆಮ್ಮೆಯೂ ಆಯಿತು. ಎದ್ದು ಬಂದು ಆ ಯಂತ್ರಕ್ಕೆ ಕೈ ಮುಗಿದೆ.

ಕ್ಯಾಸೆಟ್ಟಿನ ಮೇಲೆ ನನ್ನ ಹೆಸರು ಹಾಕಿ, ಪಕ್ಕದಲ್ಲಿ 'ಮತ್ತು ಸಂಗಡಿಗರು' ಎಂದು ಅಚ್ಚು ಹಾಕಿಸಿದ್ದರು. ನಮ್ಮವ್ವ ಅದನ್ನು ಓದಿಸಿಕೊಂಡು, ಹಾಡನ್ನು ಪೂರ್ತಿ ಕೇಳಿ, "ಪಾಪ, ಎಷ್ಟು ಒಂದಾಗಿ ಆಡವ್ರೆ ಮಕ್ಳು. ಅವ್ರ್ನೆಲ್ಲ ಒಂದಿನ ಊಟಕ್ಕೆ ಕರಿಯೇ" ಎಂದಳು.

ಮೊಟ್ಟೆಯ ತಟ್ಟೆ

ಆ ರೂಮಿನ ಗೋಡೆಗೆ ಚಿಕ್ಕ ಯಜಮಾನರು ಮೊಟ್ಟೆ ಜೋಡಿಸುವ ರಟ್ಟಿನ ತಟ್ಟೆಗಳನ್ನು ಸಾಲಾಗಿ ಅಂಟಿಸಿದ್ದರು. ಹಾಗೆ ಮಾಡಿದರೆ ಸದ್ದು ಗೋಡೆಗೆ ಬಡಿದು ವಾಪಸು ಬರುವುದಿಲ್ಲವಂತೆ. ಗುರುಗಳ ಗೋಣಿಚೀಲವೇ ಇಲ್ಲಿ ಮೊಟ್ಟೆಯ ತಟ್ಟೆಯಾಗಿತ್ತು ಅನ್ನಿ.

ಒಂದು ದಿನ ದೇವರ ನಾಮ ಹಾಡಲು ಹರಿಕಥೆ ದಾಸರೊಬ್ಬರು ಬಂದರು. ಮಡಿ ಪಂಚೆ, ಹಣೆ ತುಂಬ ನಾಮ. ಒಳಗೆ ಒಂದು ಕಾಲಿಟ್ಟವರು ಗೋಡೆ ನೋಡಿ ಹಾಗೇ ಹಿಂದಕ್ಕೆಳೆದುಕೊಂಡರು.

"ಏನಪ್ಪಾ ಇದು?"

"ಖಾಲಿ ತಟ್ಟೆ ಸ್ವಾಮಿ, ಮೊಟ್ಟೆ ಒಂದೂ ಇಲ್ಲ."

"ಮೊಟ್ಟೆ ಇಲ್ಲದಿದ್ರೇನು, ಕೂತಿದ್ದ ಜಾಗ ಅಲ್ವೇ? ಇಲ್ಲಿ ನಿಂತು ನಾನು ಭಗವಂತನ್ನ ಕರೀಲಾ?"

ಚಿಕ್ಕ ಯಜಮಾನರು ಓಡಿಹೋಗಿ ಅಂಗಡಿಯಿಂದ ಕಾವಿ ಬಟ್ಟೆ ತಂದು ಗೋಡೆಗೆಲ್ಲ ಇಳಿಬಿಟ್ಟರು. ದಾಸರು ಕಣ್ಣು ಮುಚ್ಚಿಕೊಂಡೇ ಒಳಗೆ ಬಂದು, ಕಣ್ಣು ಮುಚ್ಚಿಕೊಂಡೇ ಹಾಡಿದರು. ಹಾಡಿದ್ದನ್ನು ಎಕೋ ಸೇರಿಸಿ ಅವರ ಕಿವಿಗೆ ಕೇಳಿಸಿದಾಗ ಮಾತ್ರ ಕಣ್ಣು ತಾವಾಗಿ ತೆರೆದುಕೊಂಡವು. ಅವರ ದನಿ ದೊಡ್ಡ ಗರ್ಭಗುಡಿಯಿಂದ ಎದ್ದು ಬರುವ ಹಾಗಿತ್ತು. ಕಣ್ಣಲ್ಲಿ ನೀರು ತಂದುಕೊಂಡರು. ಹೊರಡುವಾಗ ಚಿಕ್ಕ ಯಜಮಾನರನ್ನು ಮೆಟ್ಟಿಲ ಹತ್ತಿರ ಕರೆದು, ದನಿ ತಗ್ಗಿಸಿ ಕೇಳಿದರು.

"ಆ ತಟ್ಟೆ ಮಿಕ್ಕಿದ್ರೆ ಒಂದಷ್ಟು ಕೊಡಪ್ಪ. ನಮ್ಮನೆ ದೇವರ ಕೋಣೆಗೂ ಹೊಡಿಸ್ಬಿಡ್ತೀನಿ."

ತಾಳ ತಪ್ಪದ ಕೋಳಿ

ಇಷ್ಟೆಲ್ಲ ಆದರೂ ಚಿಕ್ಕ ಯಜಮಾನರಿಗೆ ಒಂದು ಕೊರಗಿತ್ತು. ಪ್ರತಿ ಹೊಸ ಕ್ಯಾಸೆಟ್ಟನ್ನೂ ಮೊದಲು ಪಾಂಡವಪುರಕ್ಕೆ ಒಯ್ದು ಗುರುಗಳ ಮುಂದೆ ಇಡುತ್ತಿದ್ದರು. ಗುರುಗಳು ಕಣ್ಣು ಮುಚ್ಚಿ ಎರಡೂ ಕಡೆ ಪೂರ್ತಿ ಕೇಳುತ್ತಿದ್ದರು. ಕೇಳಿ ಮುಗಿಸಿ, "ಮುದ್ದೆ ಅದೆ, ಉಂಡ್ಕಂಡೋಗು" ಎನ್ನುತ್ತಿದ್ದರು. ಚೆನ್ನಾಗಿದೆ ಎಂದೂ ಇಲ್ಲ, ಚೆನ್ನಾಗಿಲ್ಲ ಎಂದೂ ಇಲ್ಲ. ಊರೆಲ್ಲ ಹೊಗಳಿದರೂ ಈ ಮನುಷ್ಯನಿಗೆ ಬೇಕಾಗಿದ್ದದ್ದು ಆ ಒಂದು ಬಾಯಿಂದ ಒಂದೇ ಒಂದು ಮಾತು. "ಇನ್ನೆಷ್ಟು ಮುದ್ದೆ ತಿನ್ಬೇಕಕ್ಕ ನಾನು?" ಎಂದು ನನ್ನ ಮುಂದೆ ಒಂದು ಸಲ ಕಣ್ಣೊರೆಸಿಕೊಂಡದ್ದೂ ಉಂಟು.

ಆಗ ದೊಡ್ಡ ಯಜಮಾನರದೊಂದು ರಾಗಿ ಬೀಸುವ ಪದಗಳ ಕ್ಯಾಸೆಟ್ ಬಂತು. ಅದರಲ್ಲಿ ಹೆಂಗಸರು ಒಂದು ಸಾಲು ಮುಗಿಸಿ ಉಸಿರೆಳೆದುಕೊಳ್ಳುವಾಗ ಎಲ್ಲೋ ದೂರದಲ್ಲಿ ಒಂದು ಕೋಳಿ ಕೂಗುತ್ತದೆ. ಅಷ್ಟೇ. ಆದರೆ ಕೇಳಿದವರಿಗೆ ಬೆಳಗಿನ ಜಾವದ ಚಳಿ ಮೈಗೆ ತಾಗುತ್ತದೆ. ಚಿಕ್ಕ ಯಜಮಾನರು ಅದನ್ನು ಮತ್ತೆ ಮತ್ತೆ ಹಾಕಿಕೊಂಡು ಕೇಳಿ ತಲೆ ಹಿಡಿದುಕೊಂಡರು. "ಎಂಥ ಕೋಳಿ ತಂದವ್ರೆ ನೋಡಕ್ಕ! ನನಗ್ಯಾಕೆ ಇದು ಒಳೀಲಿಲ್ಲ?"

ಮಾರನೆಯ ವಾರ ಎ.ಸಿ. ರೂಮಿಗೆ ಒಂದು ಹುಂಜ ಬಂತು. ಬುಟ್ಟಿ ತೆಗೆದು ಮೈಕಿನ ಮುಂದೆ ಬಿಟ್ಟರು. ಕಿಟಕಿಯಿಲ್ಲದ ರೂಮು, ಬಾಗಿಲು ಹಾಕಿದರೆ ಕಗ್ಗತ್ತಲು, ಮೇಲಿಂದ ತಣ್ಣನೆಯ ಗಾಳಿ. ಹುಂಜ ರಾತ್ರಿಯಾಯಿತೆಂದು ತಿಳಿದು ಅಲ್ಲೇ ಕುಕ್ಕರಿಸಿ ನಿದ್ದೆ ಮಾಡಿತು. ಲೈಟು ಹಾಕಿದರೆ ಎದ್ದು ಗೋಡೆ ಕಡೆ ನೋಡಿ ಗಾಬರಿಯಾಗಿ ಓಡಾಡಿತು. ಅಷ್ಟು ತಟ್ಟೆಗಳನ್ನು ನೋಡಿ ಅದಕ್ಕೇನನ್ನಿಸಿತೋ ದೇವರಿಗೇ ಗೊತ್ತು. ಕೂಗಲಿಲ್ಲ. ಕಡೆಗೆ ಮಿಮಿಕ್ರಿ ಮಾಡುವವನೊಬ್ಬನನ್ನು ಕರೆಸಿ ಕೂಗಿಸಿದರು. ಅವನು ಹೆಡ್‌ಫೋನು ಹಾಕಿಕೊಂಡು, ಪ್ರತಿ ಪಲ್ಲವಿಯ ಕೊನೆಗೂ ಸರಿಯಾಗಿ ಕೂಗಿದ.

ಆ ಕ್ಯಾಸೆಟ್ಟೂ ಪಾಂಡವಪುರಕ್ಕೆ ಹೋಯಿತು. ನಾನೂ ಜೊತೆಗಿದ್ದೆ. ದೊಡ್ಡ ಯಜಮಾನರು ಅದೇ ಮೊದಲ ಸಲ ಹಾಡಿನ ನಡುವೆ ಕಣ್ಣು ಬಿಟ್ಟರು.

"ಲೇ, ಈ ಕೋಳಿ ಎಲ್ಲಿ ಸಂಗೀತ ಕಲ್ತದೆ?"

"ಯಾಕೆ ಗುರುಗಳೇ?"

"ಒಂದ್ಸಲನೂ ತಾಳ ತಪ್ಪಕಿಲ್ವಲ್ಲಾ!"

ಚಿಕ್ಕ ಯಜಮಾನರು ತಲೆ ತಗ್ಗಿಸಿ, "ನಿಮ್ಮ ಕೋಳಿ ಎಲ್ಲಿಂದ ತಂದಿರಿ?" ಎಂದು ಕೇಳಿದರು. "ತರದೇನ್ಲಾ? ಪಕ್ಕದ್ಮನೇದು. ಓಡ್ಸಿ ಓಡ್ಸಿ ಸಾಕಾಗಿ ಬುಟ್ಬುಟ್ಟೆ."

ಯಾವ ದೇಶದ ಮಶೀನು?

ಗುರುಗಳಿಂದ ಶಿಷ್ಯ ಕಲಿಯುವುದು ಎಲ್ಲ ಕಡೆ ಇದ್ದದ್ದೇ. ನಾನು ಅದರ ಉಲ್ಟಾ ಕೂಡ ಕಂಡಿದ್ದೇನೆ, ಹೇಳುತ್ತೇನೆ.

ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನ ಹತ್ತಿರ ಸಾಬರ ಕ್ಯಾಸೆಟ್ ಅಂಗಡಿಯಿತ್ತು. ದಿನವಿಡೀ ಹೊರಗಿನ ಸ್ಪೀಕರಿನಲ್ಲಿ ಹಾಡು ಹಾಕುತ್ತಿದ್ದರು. ನಾನೂ ದೊಡ್ಡ ಯಜಮಾನರೂ ಅವರ ಮನೆಯವರೂ ಬಸ್ಸಿಗೆ ಕಾಯುತ್ತಿದ್ದಾಗ ಅಲ್ಲಿ ಶಿಷ್ಯನ ದೇವರ ನಾಮದ ಕ್ಯಾಸೆಟ್ ಓಡುತ್ತಿತ್ತು, ದಾಸರದೇ, ಎಕೋ ಹಾಕಿದ್ದು. ನಮ್ಮ ಬಸ್ಸು ಬಂತು. ಯಜಮಾನರು ಅಲುಗಲಿಲ್ಲ. ಬಸ್ಸು ಹೋಯಿತು. ಅವರು ಅಂಗಡಿಗೆ ಹೋಗಿ, "ಸಾಬ್ರೇ, ಅದನ್ನ ಮೊದ್ಲಿಂದ ಆಕಿ" ಎಂದರು.

"ನಿಮ್ಮ ಶಿಷ್ಯಂದೇ ಯಜಮಾನ್ರೆ. ಕ್ಯಾ ಆವಾಜ್ ಹೈ! ಫಾರಿನ್ ಮಶೀನು ಮಡಗವ್ನಂತೆ."

ಯಜಮಾನರು ಇನ್ನೊಂದು ಸಲ ಹಾಕಿಸಿ ಕೇಳಿದರು. ದಾರಿಯಲ್ಲಿ ನಾನು ಮೆಲ್ಲಗೆ, "ಅವ್ರಿಗೆ ಒಂದ್ಮಾತು ಚೆನ್ನಾಗದೆ ಅನ್ಬಾರ್ದಾ? ಜೀವ ಬುಡ್ತಾವ್ರೆ" ಎಂದೆ. "ಒಗಳುದ್ರೆ ಕೈ ನಿಂತೋಯ್ತದೆ ಕನವ್ವ" ಎಂದರು. ಅವರ ಮನೆಯವರು ನನ್ನ ಕಡೆ ತಿರುಗಿ, "ನನ್ ಸಾರ್ನೂ ಇವತ್ತಿನ್ಗಂಟ ಒಗಳಿಲ್ಲ. ನನ್ ಕೈ ನಿಂತದಾ?" ಎಂದರು.

ಮುಂದಿನ ಸಲ ಆಲೆಮನೆಗೆ ಹೋದರೆ, ಬೆಲ್ಲ ಕಾಯಿಸುವ ದೊಡ್ಡ ಕೊಪ್ಪರಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. "ಇದ್ರೊಳಕ್ಕೆ ಮುಖ ಮಾಡ್ಕಂಡು ಆಡು ಮಗ" ಎಂದರು. ತಲೆಯನ್ನು ಒಳಗೆ ಇಟ್ಟು ಹಾಡಿದೆ. ಅಂಚಿನಲ್ಲಿ ಹೋದ ವರ್ಷದ ಬೆಲ್ಲ ಇನ್ನೂ ಮೆತ್ತಿಕೊಂಡಿತ್ತು. ಒಂದು ಕಡೆ ಕೂದಲು ಅಂಟಿಕೊಂಡಿತು, ಇನ್ನೊಂದು ಕಡೆ ಕಿವಿಯೊಳಗೆ ಇರುವೆ. ಆದರೆ ಆ ದನಿ! ನನ್ನದೇ ದನಿ ದುಂಡಗಾಗಿ, ತುಂಬಿಕೊಂಡು, ಎಲ್ಲೋ ಬೆಟ್ಟದಾಚೆಯಿಂದ ಬರುವ ಹಾಗೆ ನನ್ನ ಎದೆಗೇ ಬಂದು ಬಡಿಯಿತು. ಹಾಡು ಮುಗಿದರೂ ತಲೆ ತೆಗೆಯಲು ಮನಸ್ಸಾಗಲಿಲ್ಲ. ಅಂಟಿಕೊಂಡಿತ್ತಾದ್ದರಿಂದ ತೆಗೆಯುವ ಹಾಗೂ ಇರಲಿಲ್ಲ ಬಿಡಿ, ಅವರ ಮನೆಯವರು ಬಿಸಿನೀರು ಹಾಕಿ ಬಿಡಿಸಿದರು.

ಚಿಕ್ಕ ಯಜಮಾನರು ಆ ಕ್ಯಾಸೆಟ್ ಕೇಳಿದವರೇ ಮೋಟಾರ್ ಸೈಕಲ್ ಹತ್ತಿ ಓಡಿ ಬಂದರು.

"ಗುರುಗಳೇ, ಇದು ನಂದಕ್ಕಿಂತ ಭಾರಿ ಮಶೀನು! ಯಾವ ದೇಶದ್ದು? ಏನೇನು ಕೆಲ್ಸ ಮಾಡ್ತದೆ?"

"ಸೀಸನ್ನಾಗೆ ಬಾ" ಎಂದರು ದೊಡ್ಡ ಯಜಮಾನರು. "ಬೆಲ್ಲನೂ ಕಾಯಿಸ್ತದೆ."

ಹಸೆಮಣೆಯ ಮೇಲೆ

ದೇವಲಾಪುರದ ಆಚೆಯ ಒಂದು ಹಳ್ಳಿಯಲ್ಲಿ ಸೋಬಾನೆ ಹೇಳುವ ಅಜ್ಜಿಯೊಬ್ಬರಿದ್ದರು. ಸೋಬಾನೆ ಎಂದರೆ ಮದುವೆಯಲ್ಲಿ ಹೆಣ್ಣು ಗಂಡನ್ನು ಹಸೆಮಣೆಯ ಮೇಲೆ ಕೂರಿಸಿ ಹೆಂಗಸರು ಹೇಳುವ ಪದ. ಆ ಅಜ್ಜಿಗೆ ಬರುತ್ತಿದ್ದ ಪದಗಳು ಬೇರೆ ಯಾರಿಗೂ ಬರುತ್ತಿರಲಿಲ್ಲ. ಚಿಕ್ಕ ಯಜಮಾನರು ಈ ಸಲ ಎ.ಸಿ. ರೂಮು ಬಿಟ್ಟು, ಯಂತ್ರವನ್ನೆಲ್ಲ ವ್ಯಾನಿಗೆ ಹಾಕಿಕೊಂಡು ಅಜ್ಜಿಯ ಮನೆಗೇ ಹೊರಟರು. ಬೀಸುವ ಪದದವರಿಗೆ ಮಾಡಿದ ಹಾಗೆ, ಹಾಡುವವರ ಮನೆಗೇ ಹೋಗಿ ಹಾಡಿಸುವುದೂ ಗುರುಗಳ ಪದ್ಧತಿ. ಆದರೆ ಅಲ್ಲಿ ಹೋದ ಮೇಲೆ ಇವರ ಬುದ್ಧಿ ಬಿಟ್ಟೀತೇ? ಊರ ಕೋಳಿಗಳನ್ನೆಲ್ಲ ಬುಟ್ಟಿ ಮುಚ್ಚಿಸಿದರು, ನಾಯಿಗಳನ್ನು ಕಟ್ಟಿಸಿದರು, ಹಿಟ್ಟಿನ ಗಿರಣಿ ನಿಲ್ಲಿಸಿದರು.

ಎಲ್ಲ ಸದ್ದು ನಿಂತ ಮೇಲೆ ಅಜ್ಜಿ ಕೇಳಿದರು: "ಗಂಡೆಣ್ಣು ಎಲ್ಲಪ್ಪ?"

"ಯಾವ ಗಂಡೆಣ್ಣಜ್ಜಿ?"

"ಹಸೆ ಮ್ಯಾಲೆ ಯಾರೂ ಕೂತ್ಕಳ್ದೆ ಸೋಬಾನೆ ಏಳಾರಾ? ಬರಿದಾದ ಮಣೆಗೆ ಪದ ಏಳುದ್ರೆ ಮನೆಗೆ ಒಳ್ಳೇದಲ್ಲ."

ಚಿಕ್ಕ ಯಜಮಾನರಿಗೆ ಮದುವೆಯಾಗಿರಲಿಲ್ಲ. "ನಾನೇ ಕೂತ್ಕತೀನಿ" ಎಂದರು. "ಕೂತ್ಕೊ, ಪಕ್ಕದಲ್ಲಿ ಯಾರ್ನ ಕೂರುಸ್ಲಿ? ಕೂತ್ಮೇಲೆ ಕರ್ಕಂಡೋಗ್ಬೇಕು" ಎಂದರು ಅಜ್ಜಿ. ಅವರು ಬೆವೆತರು. ಮದುವೆಯಾದ ಜೋಡಿಯನ್ನೇ ಕೂರಿಸಿದರೆ ಆದೀತು ಎಂದು ಕಡೆಗೆ ಅಜ್ಜಿ ಒಪ್ಪಿದರು. ಚಿಕ್ಕ ಯಜಮಾನರು ನನ್ನ ಕಡೆ ನೋಡಿದರು. ಇಬ್ಬರಿಗೂ ಒಂದೇ ಯೋಚನೆ ಬಂತು. ವ್ಯಾನು ಪಾಂಡವಪುರಕ್ಕೆ ಹೋಯಿತು.

ದೊಡ್ಡ ಯಜಮಾನರು, "ಈ ವಯ್ಸಲ್ಲಿ ನನ್ನ ಮದ್ಲಿಂಗ ಮಾಡ್ತೀಯೇನ್ಲಾ?" ಎಂದು ಗದರಿದರಂತೆ. ಆದರೆ ಅವರ ಮನೆಯವರು ಆಗಲೇ ರೇಷ್ಮೆ ಸೀರೆ ಉಟ್ಟು ವ್ಯಾನಿನಲ್ಲಿ ಕೂತಿದ್ದರು. "ನಮ್ಮದ್ವೇಲಿ ಇವ್ರು ಹಸೆ ಮ್ಯಾಲೆ ಕೂತಿದ್ದೇ ಕಮ್ಮಿ ಕನವ್ವ. ಓಲಗದೋರ ಅತ್ರ ಎದ್ದೋಗಿ ನಿಂತ್ಕಂಡಿದ್ರು. ಇವತ್ತಾದ್ರೂ ಕೂತ್ಕಳ್ಲಿ" ಎಂದು ಅವರು ಬಂದಿಳಿದ ಮೇಲೆ ನನಗೆ ಹೇಳಿದರು.

ಅಜ್ಜಿ ಇಬ್ಬರಿಗೂ ಅರಿಸಿನ ಹಚ್ಚಿಸಿ ಬಾಸಿಂಗ ಕಟ್ಟಿಸಿದರು. ಆಗ ದೊಡ್ಡ ಯಜಮಾನರು ತಕರಾರು ತೆಗೆದರು: "ಲೇ, ನಿನ್ ಮಶೀನಿಗೆ ಏನು ಕೇಳುಸ್ತದೋ ಅದು ನನಗೂ ಕೇಳುಸ್ಬೇಕು. ಇಲ್ದಿದ್ರೆ ಎದ್ದೋಯ್ತೀನಿ." ಚಿಕ್ಕ ಯಜಮಾನರು ಇನ್ನೊಂದು ಹೆಡ್‌ಫೋನು ತಂದು ಅವರ ಕಿವಿಗೆ ಹಾಕಿದರು. ಹಣೆಯಲ್ಲಿ ಬಾಸಿಂಗ, ಅದರ ಮೇಲೆ ಹೆಡ್‌ಫೋನು, ಕೆನ್ನೆಗೆ ಅರಿಸಿನ. ಹಿಮ್ಮೇಳಕ್ಕೆ ನಿಂತ ನಾವೆಲ್ಲ ಸೆರಗು ಕಚ್ಚಿಕೊಂಡೆವು.

ಅಜ್ಜಿ ಶುರು ಮಾಡಿದರು. ಹಸೆಗೆ ಕರೆದರು, ಆರತಿ ಎತ್ತಿದರು, ಮದುಮಗನನ್ನು ಹಂಗಿಸುವ ಪದಕ್ಕೆ ಬಂದು ಅವನ ಬೋಳು ತಲೆ, ಬಿದ್ದ ಹಲ್ಲು ಒಂದನ್ನೂ ಬಿಡಲಿಲ್ಲ. ಆಮೇಲೆ ದನಿ ಇಳಿಯಿತು. ಮಗಳನ್ನು ಒಪ್ಪಿಸಿಕೊಡುವ ಪದ. ಆ ಮುದಿ ಗಂಟಲಿನ ಒಂದೊಂದು ನಡುಕವನ್ನೂ ಚಿಕ್ಕ ಯಜಮಾನರ ಯಂತ್ರ ಹನಿ ಚೆಲ್ಲದೆ ಹಿಡಿಯುತ್ತಿತ್ತು. ಅವರು ಈ ಸಲ ಉಸಿರಿನ ಸದ್ದು ಬಂದಾಗಲೂ ನಿಲ್ಲಿಸಲಿಲ್ಲ. ಹೆಣ್ಣಾಗಿ ಕೂತಿದ್ದವರು ಬಾಸಿಂಗದ ಕೆಳಗೆ ಅಳುತ್ತಿದ್ದರು. ಇಂಥದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ಆಗ ಇಡೀ ಮನೆಗೆ ಕೇಳುವ ಹಾಗೆ ಒಂದು ಗಂಡಸಿನ ದನಿ ಬಂತು. "ಚೆನ್ನಾಗದೆ ಕಣ್ಲಾ! ಬೋ ಚೆನ್ನಾಗದೆ!"

ದೊಡ್ಡ ಯಜಮಾನರು! ಶಿಷ್ಯನ ಕಡೆ ನೋಡುತ್ತಾ ಹೇಳಿದ್ದರು. ಕಿವಿ ಮುಚ್ಚಿತ್ತಲ್ಲ, ಎಷ್ಟು ಜೋರಾಗಿ ಹೇಳುತ್ತಿದ್ದೇನೆ ಎಂಬುದೇ ಅವರಿಗೆ ತಿಳಿಯಲಿಲ್ಲ. ತಮಾಷೆಯೆಂದರೆ, ಮರುಕ್ಷಣ ಅವರೇ ಬೆಚ್ಚಿಬಿದ್ದು, ತುಟಿಯ ಮೇಲೆ ಬೆರಳಿಟ್ಟು, ಸುತ್ತ ನಿಂತಿದ್ದ ನಮ್ಮನ್ನೆಲ್ಲ ಕೆಕ್ಕರಿಸಿ ನೋಡಿದರು. ಯಾಕೆಂದು ಆವತ್ತು ಯಾರಿಗೂ ಅರ್ಥವಾಗಲಿಲ್ಲ. ಅಜ್ಜಿ ಅಲುಗದೆ ಪದ ಮುಗಿಸಿದರು. ಚಿಕ್ಕ ಯಜಮಾನರು ಯಂತ್ರದ ಮೇಲೆ ತಲೆಯಿಟ್ಟುಕೊಂಡು ಎಷ್ಟೋ ಹೊತ್ತು ಏಳಲಿಲ್ಲ.

ಕ್ಯಾಸೆಟ್ ಹೊರಗೆ ಬಂತು. ಉಸಿರನ್ನೂ ಕತ್ತರಿಸುತ್ತಿದ್ದ ಮನುಷ್ಯ ಆ ಮಾತನ್ನು ಹಾಗೇ ಬಿಟ್ಟಿದ್ದರು. ಶ್ರೀರಂಗಪಟ್ಟಣದ ಸಾಬರು, "ಭಾಯ್, ಹೆಂಗಸ್ರು ಹಾಡ್ತಾವ್ರೆ, ನಡುವೆ ಒಬ್ಬ ಆದ್ಮಿ ಕೂಗ್ತಾನೆ. ಗಿರಾಕಿಗಳು ಅದ್ಯಾರು ಅಂತ ಕೇಳ್ತಾವ್ರೆ, ತೆಗೆದ್ಬುಡಿ" ಎಂದರು. "ಬೇಕಾದ್ರೆ ಮಿಕ್ಕಿದ್ದೆಲ್ಲ ತೆಗೀತೀನಿ ಸಾಬ್ರೇ, ಅದೊಂದ್ನ ಮುಟ್ಟಕಿಲ್ಲ" ಎಂದರು ಚಿಕ್ಕ ಯಜಮಾನರು.

ಎಂದಿನಂತೆ ಅದನ್ನು ಪಾಂಡವಪುರಕ್ಕೆ ಒಯ್ದೆವು. ದೊಡ್ಡ ಯಜಮಾನರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಆ ಜಾಗ ಹತ್ತಿರ ಬಂತು. ಟೇಪಿನಿಂದ ಮಾತು ಹೊರಬಿದ್ದದ್ದೇ ತಡ, ಯಜಮಾನರು ಸಿಡಿದೆದ್ದು ಕೂತರು.

"ಯಾವನ್ಲಾ ಅವ್ನು? ಅವತ್ತೂ ನನ್ ಕಿವೀಲಿ ಬಂದು ಅರಚ್ದ! ಅಷ್ಟು ಕತ್ರಿ ಆಡುಸ್ತೀಯ, ಈ ಕತ್ತೇನ ಯಾಕ್ಲಾ ಬುಟ್ಟೆ?"

ಚಿಕ್ಕ ಯಜಮಾನರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅಡುಗೆ ಮನೆಯಿಂದ ಅವರ ಮನೆಯವರೇ ಕೂಗಿ ಹೇಳಿದರು.

"ನೀವೇ ಕನ್ರೀ ಅದು!"

ಸೀಮೆಯ ಜನರ ದನಿಯನ್ನೆಲ್ಲ ಟೇಪಿಗೆ ಹಿಡಿದ ಮನುಷ್ಯ ಜೀವಮಾನದಲ್ಲಿ ತಮ್ಮ ದನಿಯನ್ನು ಒಂದು ಸಲವೂ ಹಿಡಿದು ಕೇಳಿರಲಿಲ್ಲ! ಆವತ್ತು ಹೆಡ್‌ಫೋನಿನಲ್ಲಿ ತಮ್ಮದೇ ದನಿ ಕೇಳಿ, ಬೇರೆ ಯಾರೋ ಅರಚಿದರೆಂದು ನಮ್ಮನ್ನೆಲ್ಲ ಕೆಕ್ಕರಿಸಿದ್ದರು. "ನಂದಾ? ಇಷ್ಟು ಒರಟಾ?" ಎಂದರು. "ಇಂದಕ್ಕೆ ತಿರುಗ್ಸು." ತಿರುಗಿಸಿದರು. ಕೇಳಿದರು. "ಇನ್ನೊಂದ್ಸಲ." ಮತ್ತೆ ಕೇಳಿದರು. ಈ ಸಲ ಅಜ್ಜಿಯ ಪದವನ್ನೂ ಸೇರಿಸಿ, ಮೊದಲಿಂದ ಕೊನೆಯವರೆಗೆ. ಆಮೇಲೆ ಶಿಷ್ಯನ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡರು.

"ಬಾಯಾಕಿದ್ದು ತಪ್ಪು ಕಣ್ಲಾ" ಎಂದರು. "ಏಳಿದ್ ಮಾತು ಸರಿಯಾಗೇ ಅದೆ."